ನೆಲ ಇಟ್ಟ ಲೆಕ್ಕ, ನೀರು ಕೊಡುವ ಸುಳಿವು

1993ರ ಸೆಪ್ಟೆಂಬರ್ 29, ಬುಧವಾರ, ಅನಂತ ಚತುರ್ದಶಿ. ದಶಲಕ್ಷಣ ಪರ್ವದ ಕಡೆಯ ದಿನವಾದ್ದರಿಂದ ಸೋಲಾಪುರದ ನಮ್ಮ ಮನೆಯಲ್ಲಿ ಹಿರಿಯರೆಲ್ಲ ಉಪವಾಸವಿದ್ದರು. ಬಸದಿಯಿಂದ ಬಂದು ಮಲಗುವಾಗ ರಾತ್ರಿ ಬಹಳವಾಗಿತ್ತು. ಓಣಿಯಲ್ಲಿ ಗಣಪತಿ ಕಳಿಸುವವರ ಹಲಗೆಯ ಸದ್ದು ಇನ್ನೂ ಕೇಳುತ್ತಿತ್ತು. ಬೆಳಗಾದರೆ ಪಾರಣೆ. ಆದರೆ ನಸುಕಿನ 3 ಗಂಟೆ 56 ನಿಮಿಷಕ್ಕೆ ಮಂಚ ತೊಟ್ಟಿಲಿನಂತೆ ತೂಗಿತು. ಅಡುಗೆಮನೆಯ ಮಾಡದಲ್ಲಿದ್ದ ಹಿತ್ತಾಳೆಯ ಭಾಂಡೆಗಳು ಉರುಳಿ ಬಿದ್ದವು. ಮಕ್ಕಳನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆವು. ಇಡೀ ಓಣಿಯೇ ಬೀದಿಗೆ ಬಂದಿತ್ತು.

ನಮ್ಮ ಊರಿಗೆ ಆದದ್ದು ಅಷ್ಟೇ. ನೇರ ರೇಖೆಯಲ್ಲಿ ಎಂಬತ್ತು ಕಿಲೋಮೀಟರ್ ಆಚೆ ಕಿಲ್ಲಾರಿ, ಸಾಸ್ತೂರ ಮತ್ತು ಸುತ್ತಲಿನ ಹಳ್ಳಿಗಳು ಮಾತ್ರ ಕಲ್ಲು ಮಣ್ಣಿನ ರಾಶಿಯಾಗಿದ್ದವು. 6.2 ಪ್ರಮಾಣದ ಆ ಭೂಕಂಪದಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ತೀರಿಕೊಂಡರು. 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಬೇಕಾಯಿತು. ಭಾರತೀಯ ಜೈನ ಸಂಘಟನೆಯವರು ಆ ಭಾಗದ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು ಓದಿಸಿದ ಸಂಗತಿ ಹಿರಿಯ ಓದುಗರಿಗೆ ನೆನಪಿರಬಹುದು.

ಮೂವತ್ತು ವರ್ಷ ದಾಟಿದ ಮೇಲೆ ಈ ಮಾತು ಏಕೆ ತೆಗೆದೆವು ಎಂದು ಕೇಳಬಹುದು. ಭೂಮಿಯ ಹಳೆಯ ಕಂಪನಗಳನ್ನೂ ನೆಲದೊಳಗಿನ ನೀರಿನ ಗುಣವನ್ನೂ ಪರೀಕ್ಷಿಸುವ ವಿದ್ವಾಂಸರ ಕೆಲಸವನ್ನು ಇತ್ತೀಚೆಗೆ ನಾವು ತಿಳಿದುಕೊಂಡೆವು. ತಿಳಿದ ಮೇಲೆ, ಹಿಂದೆ ನಾವು ಆಡಿದ ಒಂದು ಮಾತು ಎಷ್ಟು ತಪ್ಪು ಎಂಬುದು ಅರ್ಥವಾಯಿತು. ಆ ಮಾತನ್ನು ಮೊದಲು ಹೇಳಿಬಿಡುತ್ತೇವೆ.

ನಾವು ಆಡಿದ ಮಾತು

ನಮ್ಮದು ಚಾದರು, ಸೀರೆ, ಧೋತರಗಳ ಠೋಕ ವ್ಯಾಪಾರ. ಕಿಲ್ಲಾರಿಯ ಸಮೀಪದ ಒಂದು ಹಳ್ಳಿಯಲ್ಲಿ ನಮ್ಮ ತಂದೆಯವರ ಕಾಲದಿಂದಲೂ ಒಬ್ಬ ಗಿರಾಕಿ ಇದ್ದರು. ವಯಸ್ಸಿನಲ್ಲಿ ನಮಗಿಂತ ಏಳೆಂಟು ವರ್ಷ ದೊಡ್ಡವರು. ವರ್ಷಕ್ಕೆರಡು ಸಲ ಬಂದು ಉದ್ರಿಯ ಮೇಲೆ ಮಾಲು ಒಯ್ಯುವರು, ಹೇಳಿದ ದಿನಕ್ಕೆ ಹಣ ತಂದು ಕೊಡುವರು.

1992ರ ದೀಪಾವಳಿಯ ಮಾಲಿಗೆಂದು ಬಂದಾಗ ಅವರ ಮುಖದಲ್ಲಿ ಕಳೆ ಇರಲಿಲ್ಲ. "ಶೇಟಜಿ, ನಮ್ಮ ಊರಾಗ ನೆಲಾ ಗುಡುಗತೈತ್ರಿ. ರಾತ್ರಿ ಭಾಂಡೆ ಬೀಳತಾವ. ಗ್ವಾಡಿ ಒಂದ ಕಡೆ ಹೊಟ್ಟಿ ಬಿಟ್ಟೈತಿ. ಈ ವರ್ಷ ಮಾಳಿಗಿ ಮಣ್ಣ ಇಳಿಸಿ ಪತ್ರಾ ಹಾಕಿಸಬೇಕಂತೀನಿ. ನಿಮ್ಮ ಬಾಕಿ ಯುಗಾದಿತನಕ ತಡದರ ಭಾಳ ಉಪಕಾರ ಆಗತೈತಿ" ಎಂದರು.

ಆಗ ನಮಗೆ ಮೂವತ್ತು ದಾಟಿತ್ತಷ್ಟೆ. ಅಂಗಡಿಯ ಜವಾಬ್ದಾರಿ ಹೊಸದಾಗಿ ಕೈಗೆ ಬಂದಿತ್ತು. "ಅಣ್ಣಾರ, ನಮ್ಮದು ಕರಿಕಲ್ಲಿನ ಸೀಮಿ. ಅಜ್ಜ ಮುತ್ತ್ಯಾನ ಕಾಲದಾಗ ಇಂಥಾದ್ದು ಆಗಿಲ್ಲ. ಸುಮ್ಮನ ಯಾಕ ಖರ್ಚು ಮಾಡ್ತೀರಿ? ಸೀಜನ್ ಐತಿ, ಅದ ರೊಕ್ಕದಾಗ ಇನ್ನೆರಡು ಗಂಟು ಮಾಲು ಒಯ್ಯಿರಿ" ಎಂದುಬಿಟ್ಟೆವು. ಅವರು ನಮ್ಮ ಮಾತು ನಂಬಿದರು. ಮಾಲು ಒಯ್ದರು. ಮಾಳಿಗೆ ಹಾಗೆಯೇ ಉಳಿಯಿತು.

ಮರುವರ್ಷ ಆ ಮಾಳಿಗೆಯ ಕೆಳಗೆ ಅವರ ಹೆಂಡತಿ ಮತ್ತು ಕಿರಿಯ ಮಗ ಹೋದರು. ಅವರು ಮತ್ತು ಹಿರಿಯ ಮಗ ಅಂಗಡಿಯ ಕಟ್ಟೆಯ ಮೇಲೆ ಮಲಗಿದ್ದರಿಂದ ಉಳಿದರು.

ಕರಿಕಲ್ಲಿನ ಕೆಳಗೆ ಏನಿದೆ

ನಾವು ಮ್ಯಾಟ್ರಿಕ್ ತನಕ ಓದಿದವರು. ಭೂಗೋಳದ ಪುಸ್ತಕದಲ್ಲಿ ದಖ್ಖನ ಪ್ರಸ್ಥಭೂಮಿ ಅತ್ಯಂತ ಗಟ್ಟಿ ನೆಲವೆಂದು ಕಲಿತಿದ್ದೆವು. ನಮ್ಮಂಥವರ ಮಾತು ಹಾಗಿರಲಿ, 1993ಕ್ಕಿಂತ ಮುಂಚಿನ ಸರ್ಕಾರಿ ಭೂಕಂಪ ನಕ್ಷೆಯೂ ಲಾತೂರ ಸೀಮೆಯನ್ನು ಎಲ್ಲಕ್ಕಿಂತ ಕಡಿಮೆ ಅಪಾಯದ 1ನೆಯ ವಲಯದಲ್ಲಿ ಇಟ್ಟಿತ್ತು. 2002ರಲ್ಲಿ ನಕ್ಷೆ ತಿದ್ದಿ ಅದನ್ನು 3ನೆಯ ವಲಯಕ್ಕೆ ಸೇರಿಸಿದರು.

ಕಂಪನವಾದ ಮೇಲೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಕಿಲ್ಲಾರಿಯಲ್ಲಿ 617 ಮೀಟರ್ ಆಳದ ಬೋರ್ ಕೊರೆದರು. ನಾವು ಕಾಣುವ ಕರಿಕಲ್ಲು, ಅಂದರೆ ಆರೂವರೆ ಕೋಟಿ ವರ್ಷಗಳ ಹಿಂದೆ ನೆಲ ಸೀಳಿ ಹರಿದು ಆರಿದ ಲಾವಾ, ಅಲ್ಲಿ ಸುಮಾರು 340 ಮೀಟರ್ ಮಾತ್ರ ಇತ್ತು. ಅದರ ಕೆಳಗೆ ತೆಳುವಾದ ಹೂಳಿನ ಪದರ. ಅದರ ಕೆಳಗೆ ಬಹು ಪುರಾತನವಾದ ಗ್ರಾನೈಟ್ ಜಾತಿಯ ಶಿಲೆ. ಆ ಶಿಲೆಯಲ್ಲಿ ಹಳೆಯ ಸೀಳುಗಳಿರುತ್ತವೆ. ವಿಜ್ಞಾನಿಗಳು ಅವಕ್ಕೆ ಸ್ತರಭಂಗ ಎನ್ನುತ್ತಾರೆ. ಭಾರತದ ನೆಲ ಉತ್ತರಕ್ಕೆ ಒತ್ತುತ್ತ ಹಿಮಾಲಯಕ್ಕೆ ಆತು ನಿಂತಿರುವುದರಿಂದ ಆ ಒತ್ತಡ ನಮ್ಮ ಕೆಳಗಿನ ಬಂಡೆಯಲ್ಲೂ ನಿಧಾನವಾಗಿ ಕೂಡುತ್ತದೆ. ತಾಳುವಷ್ಟು ತಾಳಿ ಒಂದು ದಿನ ಸೀಳು ಜಾರುತ್ತದೆ. ಕಿಲ್ಲಾರಿಯಲ್ಲಿ ಅದು ಜಾರಿದ್ದು ಕೆಲವೇ ಕಿಲೋಮೀಟರ್ ಆಳದಲ್ಲಿ. ಅದಕ್ಕೇ ಅಷ್ಟು ಹಾನಿ.

ಮೇಲಿನ ಕಲ್ಲು ಗಟ್ಟಿ ಇದ್ದ ಮಾತ್ರಕ್ಕೆ ಕೆಳಗಿನ ನೆಲ ನಿಶ್ಚಲವಲ್ಲ ಎಂಬುದು ನಮಗೆ ತಿಳಿದ ಮೊದಲ ಸಂಗತಿ.

ತಗ್ಗು ತೋಡಿ ಓದುವ ವಿದ್ಯೆ

ನಮ್ಮ ತಂಗಿಯ ಮಗಳು ಭೂವಿಜ್ಞಾನ ಓದಿದಾಕೆ. ಹೋದ ವರ್ಷ ರಜೆಯಲ್ಲಿ ಬಂದಾಗ ನಮ್ಮ ಅಂಗಡಿಯ ಅಟ್ಟದ ಮೇಲಿನ ಹಳೆಯ ಕೀರ್ದಿ ಪುಸ್ತಕಗಳನ್ನು ನೋಡಿ ನಕ್ಕಳು. "ಮಾಮಾ, ಐವತ್ತು ವರ್ಷದ ಹಿಂದ ಯಾರ ಬಾಕಿ ಎಷ್ಟಿತ್ತು ಅಂತ ನೀವು ಪುಟಾ ತಿರುವಿ ಹೇಳ್ತೀರಿ. ನಾವು ಮಣ್ಣಿನ ಪದರಾ ನೋಡಿ ಸಾವಿರ ವರ್ಷದ ಹಿಂದ ನೆಲಾ ಯಾವಾಗ ಸರೀತು ಅಂತ ಹೇಳ್ತೀವಿ" ಎಂದಳು. ಆಕೆ ತಿಳಿಸಿದ ರೀತಿಯಲ್ಲಿಯೇ ಇಲ್ಲಿ ಬರೆಯುತ್ತೇವೆ.

ಭೂಕಂಪ ಅಳೆಯುವ ಯಂತ್ರಗಳು ಬಂದು ನೂರು ನೂರಿಪ್ಪತ್ತು ವರ್ಷವಾಯಿತಷ್ಟೆ. ಅದಕ್ಕೂ ಹಿಂದಿನದು ಶಾಸನದಲ್ಲೋ ದಫ್ತರದಲ್ಲೋ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ದೊಡ್ಡ ಕಂಪನದಲ್ಲಿ ಸೀಳು ನೆಲದ ಮೇಲಿನ ತನಕ ಬಂದರೆ ಅಲ್ಲಿನ ಮಣ್ಣಿನ ಪದರಗಳು ತುಂಡಾಗಿ, ಒಂದು ಬದಿ ಮೇಲೆ, ಒಂದು ಬದಿ ಕೆಳಗೆ ಆಗುತ್ತವೆ. ಕಿಲ್ಲಾರಿಯ ಹೊಲಗಳಲ್ಲೂ ಅಂಥ ದಿಣ್ಣೆ ಎದ್ದಿತ್ತು. ಮಳೆ, ಉಳುಮೆಗಳಿಂದ ಮೇಲಿನ ಗುರುತು ಕೆಲವೇ ವರ್ಷಗಳಲ್ಲಿ ಅಳಿಯುತ್ತದೆ. ಒಳಗಿನದು ಉಳಿಯುತ್ತದೆ. ವಿಜ್ಞಾನಿಗಳು ಸೀಳಿಗೆ ಅಡ್ಡವಾಗಿ ಆಳೆತ್ತರದ ಉದ್ದ ತಗ್ಗು ತೋಡಿ, ಅದರ ಗೋಡೆಯನ್ನು ನುಣ್ಣಗೆ ಕೆರೆದು, ಪದರ ಪದರವಾಗಿ ಓದುತ್ತಾರೆ.

ಉದಾಹರಣೆಗೆ ಐದು ಪದರಗಳಿವೆ ಎನ್ನೋಣ. ಕೆಳಗಿನ ಮೂರು ತುಂಡಾಗಿ ಸರಿದಿವೆ, ಮೇಲಿನ ಎರಡು ಅಖಂಡವಾಗಿವೆ. ಹಾಗಾದರೆ ನೆಲ ಸರಿದದ್ದು ಮೂರನೆಯ ಪದರ ಕೂತ ಮೇಲೆ, ನಾಲ್ಕನೆಯದು ಕೂಡುವ ಮೊದಲು. ಆ ಪದರಗಳಲ್ಲಿ ಇದ್ದಲಿನ ಚೂರು ಸಿಕ್ಕರೆ ಅದರ ವಯಸ್ಸು ತೆಗೆಯಬಹುದು. ಸತ್ತ ಗಿಡಮರದಲ್ಲಿರುವ ಒಂದು ಜಾತಿಯ ಇಂಗಾಲ 5,730 ವರ್ಷಕ್ಕೆ ಅರ್ಧವಾಗುತ್ತದೆ. ಎಷ್ಟು ಉಳಿದಿದೆ ಎಂದು ಅಳೆದರೆ ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ. ಗಡಿಗೆಯ ಚೂರು, ಇಟ್ಟಿಗೆ, ನಾಣ್ಯ ಸಿಕ್ಕರೂ ಕಾಲ ಗೊತ್ತಾಗುತ್ತದೆ.

ಇದರಲ್ಲಿ ಮೋಸಹೋಗುವುದೂ ಸುಲಭ. ನಮ್ಮ ಎರೆನೆಲ ಬೇಸಿಗೆಯಲ್ಲಿ ಆನೆಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಆ ಬಿರುಕು ಬೇರೆ, ಕಂಪನದ ಸೀಳು ಬೇರೆ. ಇವೆರಡನ್ನು ಬೇರ್ಪಡಿಸಲು ಪಳಗಿದ ಕಣ್ಣು ಬೇಕು.

ತೇರ ಊರಿನ ತಗ್ಗು

ಕಿಲ್ಲಾರಿಯ ನಂತರ ಈ ಕೆಲಸವನ್ನು ನಮ್ಮ ಭಾಗದಲ್ಲಿ ಮಾಡಿದವರಲ್ಲಿ ಮುಖ್ಯರು ಸಿ.ಪಿ. ರಾಜೇಂದ್ರನ್ ಮತ್ತು ಕುಸಲಾ ರಾಜೇಂದ್ರನ್ ದಂಪತಿಗಳು. ಆಗ ಅವರು ತಿರುವನಂತಪುರದ ಭೂವಿಜ್ಞಾನ ಅಧ್ಯಯನ ಕೇಂದ್ರದಲ್ಲಿದ್ದರು. ಕುಸಲಾ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರು ಕಿಲ್ಲಾರಿಯಲ್ಲಿ ತಗ್ಗು ತೋಡಿ ನೋಡಿದರು. ಅಲ್ಲಿಂದ ವಾಯವ್ಯಕ್ಕೆ ಸುಮಾರು 55 ಕಿಲೋಮೀಟರ್ ದೂರದ ತೇರ ಎಂಬ ಊರಿನಲ್ಲೂ ನೋಡಿದರು.

ತೇರ ಎಂದರೆ ವ್ಯಾಪಾರಸ್ಥರಾದ ನಾವು ಕೈ ಮುಗಿಯಬೇಕಾದ ಊರು. ಇದು ಹಿಂದಿನ ತಗರ ನಗರ. ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದ ಸಮುದ್ರ ವ್ಯಾಪಾರದ ಒಂದು ಕೈಪಿಡಿಯಲ್ಲಿ ಪೈಠಣದಿಂದ ಪೂರ್ವಕ್ಕೆ ಹತ್ತು ದಿನದ ಹಾದಿಯಲ್ಲಿ ತಗರ ಇದೆ, ಅಲ್ಲಿಂದ ಅರಿವೆಯ ಗಂಟುಗಳು ಬಂಡಿಯಲ್ಲಿ ಭಡೋಚ್ ಬಂದರಿಗೆ ಬರುತ್ತವೆ ಎಂದಿದೆ. ಮುಂದೆ ಶಿಲಾಹಾರ ಅರಸರು ತಗರಪುರವರಾಧೀಶ್ವರ ಎಂಬ ಬಿರುದನ್ನು ಹೆಮ್ಮೆಯಿಂದ ಇಟ್ಟುಕೊಂಡರು. ನಾವು ತಂಗಿಯ ಮಗಳೊಂದಿಗೆ ಅಲ್ಲಿಗೆ ಹೋಗಿದ್ದೆವು. ಊರ ಪಕ್ಕದಲ್ಲಿ ತೇರಣಾ ನದಿ, ಹಳೆಯ ಇಟ್ಟಿಗೆಯ ತ್ರಿವಿಕ್ರಮ ದೇವಾಲಯ, ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಣ್ಣಿನ ಗೊಂಬೆ, ಮಣಿ, ನಾಣ್ಯಗಳು. ಅದೇ ತೇರಣಾ ಕೆಳಗೆ ಹರಿದು ಕಿಲ್ಲಾರಿಯ ಸೀಮೆಗೂ ಹೋಗುತ್ತದೆ.

ತೇರದ ಪದರಗಳಲ್ಲಿ ನೆಲ ಸರಿದ ಗುರುತುಗಳು ಸಿಕ್ಕವು. ಸುಮಾರು 1,500 ವರ್ಷಗಳ ಹಿಂದೆ ಅಲ್ಲೊಂದು ಭೂಕಂಪ ಆಗಿರಬೇಕೆಂದು ಆ ವಿದ್ವಾಂಸರು ಅಂದಾಜು ಮಾಡಿದರು. ಕಿಲ್ಲಾರಿಯ ತಗ್ಗಿನಲ್ಲೂ ಆ ಸೀಳು 1993ರಲ್ಲಿ ಹೊಸದಾಗಿ ಹುಟ್ಟಿದ್ದಲ್ಲ, ಮೊದಲೇ ಇದ್ದದ್ದು ಎಂಬ ನಿರ್ಣಯಕ್ಕೆ ಅವರು ಬಂದರು. ಆ ಬಗ್ಗೆ ಬೇರೆ ಮತಗಳೂ ಇವೆ. ಆದರೂ ನಮ್ಮ ಸೀಮೆಯ ನೆಲ ಹಿಂದೆಯೂ ನಡುಗಿದೆ ಎಂಬುದಕ್ಕೆ ನೆಲದಲ್ಲೇ ಸಾಕ್ಷಿ ಸಿಕ್ಕಂತಾಯಿತು.

ತೇರದ ಆ ದಿಬ್ಬದ ಮೇಲೆ ನಿಂತಾಗ ನಮಗೆ ನಮ್ಮ ಮಾತು ನೆನಪಾಯಿತು. ಅಜ್ಜ ಮುತ್ತ್ಯಾನ ಕಾಲದಾಗ ಆಗಿಲ್ಲ ಎಂದಿದ್ದೆವು. ಅಜ್ಜ ಮುತ್ತ್ಯಾನ ನೆನಪು ಎಂದರೆ ನೂರು ವರ್ಷ, ಹೆಚ್ಚೆಂದರೆ ನೂರೈವತ್ತು. ಹಿಮಾಲಯದ ಬುಡದಲ್ಲಿ ಒಂದು ಸೀಳು ಕೆಲವು ನೂರು ವರ್ಷಕ್ಕೆ ಮತ್ತೆ ಜಾರಬಹುದು. ನಮ್ಮಂಥ ಒಳನಾಡಿನಲ್ಲಿ ಅದೇ ಸೀಳು ಮತ್ತೆ ಜಾರಲು ಸಾವಿರಾರು ವರ್ಷ ಬೇಕಾಗಬಹುದು. ಅಷ್ಟು ಉದ್ದದ ಲೆಕ್ಕಕ್ಕೆ ಮೂರು ತಲೆಮಾರಿನ ನೆನಪು ಯಾವ ಮೂಲೆಗೂ ಸಾಲದು.

ನೀರಿನಲ್ಲಿ ಸಿಗುವ ಸುಳಿವು

ಹಿಂದೆ ಆದದ್ದನ್ನು ಮಣ್ಣು ಹೇಳುತ್ತದೆ. ಮುಂದೆ ಆಗುವುದರ ಸುಳಿವನ್ನು ನೀರು ಕೊಡಬಹುದೇ ಎಂದು ಬಹಳ ದೇಶಗಳಲ್ಲಿ ಹುಡುಕುತ್ತಿದ್ದಾರೆ. ಅದರ ತರ್ಕ ಸರಳ. ಆಳದ ಬಂಡೆಯ ಮೇಲೆ ಒತ್ತಡ ಹೆಚ್ಚಿದಾಗ ಕೂದಲಿಗಿಂತ ಸಣ್ಣ ಬಿರುಕುಗಳು ತೆರೆಯುತ್ತವೆ. ಬೇರೆ ಬೇರೆ ಪದರಗಳ ನೀರು ಒಂದಕ್ಕೊಂದು ಕೂಡುತ್ತದೆ. ಹೊಸದಾಗಿ ಒಡೆದ ಕಲ್ಲಿಗೆ ನೀರು ತಾಗಿ ಅದರ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಕಲ್ಲಿನಲ್ಲಿ ಸಿಕ್ಕಿಕೊಂಡಿದ್ದ ರೇಡಾನ್ ಎಂಬ ಅನಿಲ ನೀರಿಗೆ ಇಳಿಯುತ್ತದೆ. ಈ ಅನಿಲ ನಾಲ್ಕು ದಿನದೊಳಗೆ ಅರ್ಧಕ್ಕಿಳಿಯುವುದರಿಂದ, ಬಾವಿಯಲ್ಲಿ ಅದು ಹೆಚ್ಚಾಗಿ ಕಂಡರೆ ಹೊಸದಾಗಿ ಬಂದದ್ದೆಂದು ಅರ್ಥ.

1966ರ ಏಪ್ರಿಲ್ 26ರಂದು ತಾಷ್ಕೆಂಟ್ ನಗರದಲ್ಲಿ ಭೂಕಂಪವಾಯಿತು. ಅಲ್ಲಿನ ಆಳವಾದ ಖನಿಜ ಜಲದ ಬಾವಿಯಲ್ಲಿ ರೇಡಾನ್ ಮೊದಲು ಏರಿ, ಕಂಪನದ ನಂತರ ಇಳಿದದ್ದನ್ನು ವಿಜ್ಞಾನಿಗಳು ಗಮನಿಸಿದರು. ಅಂದಿನಿಂದ ಜಗತ್ತಿನಾದ್ಯಂತ ಬಾವಿಗಳ ಮೇಲೆ ಕಣ್ಣು ಬಿತ್ತು.

ಜಪಾನಿನ ಕೋಬೆ ನಗರದ ಕಥೆ ವ್ಯಾಪಾರಸ್ಥರು ಕೇಳಲೇಬೇಕಾದ್ದು. 1995ರ ಜನವರಿ 17ರ ಅಲ್ಲಿನ ಭೂಕಂಪದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಕೇಂದ್ರದ ಸಮೀಪ ಕುಡಿಯುವ ನೀರು ತುಂಬಿ ಮಾರುವ ಎರಡು ಬಾವಿಗಳಿದ್ದವು. ಸುನೋಗಾಯಿ ಮತ್ತು ವಾಕಿತಾ ಎಂಬ ಇಬ್ಬರು ವಿಜ್ಞಾನಿಗಳಿಗೆ ಒಂದು ವಿಚಾರ ಹೊಳೆಯಿತು. ಹಿಂದಿನ ತಿಂಗಳುಗಳ ನೀರು ಈಗ ಎಲ್ಲಿ ಸಿಗಬೇಕು? ಬಾಟಲಿಯಲ್ಲಿ! 1993ರಿಂದ 1995ರ ಏಪ್ರಿಲ್ ತನಕ ಮಾರುಕಟ್ಟೆಗೆ ಬಂದಿದ್ದ ಬಾಟಲಿಗಳನ್ನು ಕೂಡಿಸಿ ಒಂದೊಂದನ್ನೇ ಪರೀಕ್ಷಿಸಿದರು. ನೀರಿನಲ್ಲಿದ್ದ ಕ್ಲೋರೈಡ್ ಮತ್ತು ಸಲ್ಫೇಟ್ 1994ರ ಆಗಸ್ಟ್‌ನಿಂದ ಕಂಪನದ ತನಕ ಏರುತ್ತಲೇ ಬಂದಿದ್ದವು. ಕಂಪನದ ನಂತರದ ನೀರಿನಲ್ಲಿ ಇನ್ನೂ ಹೆಚ್ಚಿದ್ದವು. ಹಳೆಯ ಮಾಲಿನಿಂದಲೂ ಇಂಥ ಲಾಭ ಉಂಟೆಂದು ನಾವು ಅದುವರೆಗೆ ಕೇಳಿರಲಿಲ್ಲ. ಅದೇ ಸೀಮೆಯ ಇನ್ನೊಂದು ಬಾವಿಯಲ್ಲಿ ರೇಡಾನ್ 1994ರ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಕೊನೆಯ ಹೊತ್ತಿಗೆ ನಾಲ್ಕು ಪಟ್ಟಾಗಿ, ಜನವರಿ 8ರಂದು ಹತ್ತು ಪಟ್ಟಿಗೂ ಮೀರಿ, ಆಮೇಲೆ ಇಳಿಯತೊಡಗಿತ್ತು. ಒಂಬತ್ತು ದಿನದ ನಂತರ ನೆಲ ನಡುಗಿತು.

ಇವೆರಡರ ಅರ್ಥವೂ ತಿಳಿದದ್ದು ಊರು ಬಿದ್ದ ಮೇಲೆ ಎಂಬುದನ್ನು ಓದುಗರು ಗಮನಿಸಬೇಕು.

ಕಂಪನಕ್ಕೆ ಮೊದಲೇ ಕೂತು ವರ್ಷಗಟ್ಟಲೆ ನೀರು ಪರೀಕ್ಷಿಸಿದವರು ಐಸ್‌ಲ್ಯಾಂಡ್ ದೇಶದಲ್ಲಿದ್ದಾರೆ. ಅಲಾಸ್ಡೇರ್ ಸ್ಕೆಲ್ಟನ್ ಎಂಬವರ ತಂಡ ಉತ್ತರ ಐಸ್‌ಲ್ಯಾಂಡಿನ ಒಂದು ಬೋರಿನಿಂದ 2008ರಿಂದ ವಾರ ವಾರವೂ ನೀರು ತೆಗೆದಿಟ್ಟಿತು. 2012ರ ಅಕ್ಟೋಬರ್ ಮತ್ತು 2013ರ ಏಪ್ರಿಲ್‌ನಲ್ಲಿ ಐದೂವರೆ ಪ್ರಮಾಣದ ಸುಮಾರಿನ ಎರಡು ಕಂಪನಗಳಾದವು. ಎರಡಕ್ಕೂ ನಾಲ್ಕರಿಂದ ಆರು ತಿಂಗಳು ಮೊದಲೇ ನೀರಿನಲ್ಲಿ ಸೋಡಿಯಂ, ಸಿಲಿಕಾನ್, ಕ್ಯಾಲ್ಸಿಯಂಗಳ ಪ್ರಮಾಣ ಬದಲಾಗಿತ್ತು ಎಂದು 2014ರಲ್ಲಿ ಪ್ರಕಟಿಸಿದರು. ಆದರೆ ಅವರು ಭವಿಷ್ಯ ಹೇಳಲಿಲ್ಲ. ಒಂದು ಜಾಗದಲ್ಲಿ ಹೀಗಾಯಿತು, ಬೇರೆ ಕಡೆಯೂ ದೀರ್ಘಕಾಲ ನೋಡಬೇಕು ಎಂಬಷ್ಟಕ್ಕೆ ನಿಂತರು.

ನಮ್ಮ ಕೊಯ್ನಾ

ನಮ್ಮ ರಾಜ್ಯದಲ್ಲೇ ಇಂಥ ಪರೀಕ್ಷೆಗೆ ತಕ್ಕ ಜಾಗವೊಂದಿದೆ. ಕೊಯ್ನಾ ಅಣೆಕಟ್ಟಿನಲ್ಲಿ ನೀರು ನಿಂತ ಕೆಲವು ವರ್ಷಗಳಲ್ಲಿ, 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3 ಪ್ರಮಾಣದ ಕಂಪನವಾಯಿತು. ನಾವು ಆಗ ಸಣ್ಣವರು, ಮನೆಯವರು ಎದ್ದು ಕೂತದ್ದು ಮಸುಕಾಗಿ ನೆನಪಿದೆ. ಜಲಾಶಯದ ನೀರೇ ಅಲ್ಲಿನ ಕಂಪನಗಳನ್ನು ಕೆರಳಿಸುತ್ತದೆ ಎಂಬುದನ್ನು ಜಗತ್ತಿನ ವಿಜ್ಞಾನಿಗಳು ಒಪ್ಪಿದ್ದಾರೆ. ಇಂದಿಗೂ ಅಲ್ಲಿ ಸಣ್ಣ ಕಂಪನಗಳು ಆಗುತ್ತಲೇ ಇರುತ್ತವೆ.

ಹೈದರಾಬಾದಿನ ಅದೇ ಸಂಸ್ಥೆಯವರು ಕೊಯ್ನಾ ಮತ್ತು ವಾರಣಾ ಜಲಾಶಯಗಳ ಸುತ್ತ 21 ಬೋರ್ ಕೊರೆದು ನೀರಿನ ಮಟ್ಟ ನೋಡತೊಡಗಿದರು. ಕಂಪನವಾದಾಗ ಕೆಲವು ಬೋರುಗಳಲ್ಲಿ ಮಟ್ಟ ಕೆಲವು ಸೆಂಟಿಮೀಟರ್ ಏರುವುದು ಇಳಿಯುವುದು ದಾಖಲಾಯಿತು. ನೀರಿನ ಲವಣ, ರೇಡಾನ್‌ಗಳ ಪರೀಕ್ಷೆಯನ್ನೂ ಮಾಡಿದ್ದಾರೆ. 2017ರ ಹೊತ್ತಿಗೆ ಆ ಭಾಗದಲ್ಲಿ 3 ಕಿಲೋಮೀಟರ್ ಆಳದ ಬೋರನ್ನೂ ಕೊರೆದರು. ಈ ಕೆಲಸಕ್ಕಾಗಿ ಕರಾಡದಲ್ಲಿ ಕೇಂದ್ರ ಸರ್ಕಾರದ ಪ್ರಯೋಗಾಲಯ ಇದೆ. ಇಷ್ಟೆಲ್ಲ ಇದ್ದರೂ ಇಂಥ ದಿನ, ಇಂಥ ಊರು ಎಂದು ಹೇಳುವ ಶಕ್ತಿ ಅವರಿಗೂ ಬಂದಿಲ್ಲ.

ಸುಳಿವು ಬೇರೆ, ದಿನಾಂಕ ಬೇರೆ

ಚೀನಾದ ಹೈಚೆಂಗ್ ಎಂಬಲ್ಲಿ 1975ರ ಫೆಬ್ರವರಿಯಲ್ಲಿ ಮುಂಚಿನ ಸಣ್ಣ ಕಂಪನಗಳನ್ನೂ ಬಾವಿಗಳ ಬದಲಾವಣೆಯನ್ನೂ ನೋಡಿ ಜನರನ್ನು ಹೊರಗೆ ಕಳಿಸಿದರು. ಬಹಳ ಜೀವ ಉಳಿದವು. ಇನ್ನು ವಿದ್ಯೆ ಕೈಗೆ ಬಂತು ಎಂದು ಎಲ್ಲರೂ ತಿಳಿದರು. ಮರುವರ್ಷ ಜುಲೈ 28ರಂದು ಅದೇ ದೇಶದ ತಾಂಗ್‌ಶಾನ್ ನಗರ ಯಾವ ಎಚ್ಚರಿಕೆಯೂ ಇಲ್ಲದೆ ಬಿತ್ತು. ಸರ್ಕಾರಿ ಲೆಕ್ಕದಂತೆಯೇ ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು.

ಬಾವಿಯ ನೀರು ಬದಲಾಗಲು ನೂರು ಕಾರಣ. ಮಳೆ ಬಂದರೆ ಬದಲಾಗುತ್ತದೆ, ಪಕ್ಕದ ಹೊಲದಲ್ಲಿ ಹೊಸ ಬೋರ್ ಬಿದ್ದರೆ ಬದಲಾಗುತ್ತದೆ, ಹೊಲಕ್ಕೆ ಗೊಬ್ಬರ ಹಾಕಿದರೂ ಬದಲಾಗುತ್ತದೆ. ಎರಡು ವರ್ಷದ ಹಿಂದೆ ಅಕ್ಕಲಕೋಟ ತಾಲೂಕಿನ ನಮ್ಮ ಬೀಗರ ತೋಟದ ಬೋರಿನಲ್ಲಿ ಹಾಲಿನಂಥ ನೀರು ಬಂತು. ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆದು, ಭೂಕಂಪದ ಲಕ್ಷಣವೆಂದು ಬರೆದು ಹರಿಬಿಟ್ಟರು. ಎರಡು ರಾತ್ರಿ ಹತ್ತಾರು ಮನೆಯವರು ಚಳಿಯಲ್ಲಿ ಹೊರಗೆ ಮಲಗಿದರು. ತಂಗಿಯ ಮಗಳು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮಾಮಾ, ನೀರನ್ನ ಗಾಜಿನ ಲೋಟಾದಾಗ ಹಿಡಿದಿಡ್ರಿ. ಬುಡದಿಂದ ತಿಳಿ ಆಗ್ತಾ ಬಂದರ ಅದು ಗಾಳಿ." ಹಾಗೆಯೇ ಆಯಿತು. ನೀರು ಕೆಳಗಿಳಿದು ಪಂಪು ಗಾಳಿ ಎಳೆಯುತ್ತಿತ್ತು.

ಆಗುವುದೇ ಇಲ್ಲ ಎಂದು 1992ರಲ್ಲಿ ನಾವು ಹೇಳಿದ್ದೂ, ನಾಳೆಯೇ ಆಗುತ್ತದೆ ಎಂದು ಆ ಮೊಬೈಲಿನವರು ಹೇಳಿದ್ದೂ ಒಂದೇ ಜಾತಿಯ ತಪ್ಪು. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳಿದ ತಪ್ಪು.

ನಮ್ಮ ಕೈಯಲ್ಲಿರುವುದು

ದಿನಾಂಕ ತಿಳಿಯದಿದ್ದರೂ ಕಿಲ್ಲಾರಿಯಲ್ಲಿ ಜನ ಏತರಿಂದ ಸತ್ತರು ಎಂಬುದು ತಿಳಿದಿದೆ. ಎರಡು ಮೂರು ಅಡಿ ದಪ್ಪದ ಕಲ್ಲಿನ ಗೋಡೆ, ಒಳಮುಖ ಹೊರಮುಖ ಬೇರೆ ಬೇರೆ ಕಟ್ಟಿ ನಡುವೆ ಚೂರುಗಲ್ಲು ಮಣ್ಣು ತುಂಬಿದ್ದು. ಅದರ ಮೇಲೆ ವರ್ಷ ವರ್ಷ ಸೋರುವಿಕೆಗೆಂದು ಹೇರುತ್ತ ಹೋದ ಮಣ್ಣಿನ ಮಾಳಿಗೆ. ನೆಲ ಅಲುಗಿದಾಗ ಗೋಡೆಯ ಎರಡು ಮುಖ ಬಿಚ್ಚಿಕೊಂಡವು, ಮಾಳಿಗೆ ಕುಸಿಯಿತು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಇಂಥ ಮನೆಗಳು ಇಂದಿಗೂ ಇವೆ. ಹಿರಿಯರು ಊರಲ್ಲಿ ಅಂಥ ಮನೆಯಲ್ಲಿದ್ದು ಮಕ್ಕಳು ಪೇಟೆಯಲ್ಲಿರುವ ಕುಟುಂಬಗಳು ನಮ್ಮಲ್ಲಿ ಕಡಿಮೆಯೇನಲ್ಲ.

ಮಾಡಬಹುದಾದ್ದು ಕೆಲವಿವೆ. ಮಾಳಿಗೆಯ ಮಣ್ಣಿನ ಭಾರ ಇಳಿಸಬೇಕು. ಗೋಡೆಯ ಎರಡು ಮುಖವನ್ನು ಹಿಡಿಯುವ ಅಡ್ಡಗಲ್ಲು ಇಲ್ಲದಿದ್ದರೆ ಅಲ್ಲಲ್ಲಿ ತೂತು ಕೊರೆದು ಸಲಾಕೆ ಇಟ್ಟು ಕಾಂಕ್ರೀಟ್ ತುಂಬಿಸಬಹುದು. ಹೊಸ ಮನೆಗೆ ಬಾಗಿಲ ಪಟ್ಟಿಯ ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವ ಕಾಂಕ್ರೀಟ್ ಬೆಲ್ಟ್ ಹಾಕಿಸಲೇಬೇಕು. ಇದೆಲ್ಲ ತಿಳಿದ ಇಂಜಿನಿಯರರನ್ನು ಕರೆದು ತೋರಿಸಿ ಮಾಡತಕ್ಕದ್ದು. ಅಂಗಡಿಯಲ್ಲಿ ಭಾರವಾದ ಗಂಟುಗಳನ್ನು ಕೆಳಗಿಟ್ಟು, ಕಪಾಟುಗಳನ್ನು ಗೋಡೆಗೆ ಬಿಗಿಯಬೇಕು. ಊರ ಹಳೆಯ ಬಸದಿಯ ಗೋಡೆ ಹೊಟ್ಟೆ ಬಿಟ್ಟಿದ್ದರೆ ಬಣ್ಣಕ್ಕಿಂತ ಮೊದಲು ಅದಕ್ಕೆ ಖರ್ಚು ಮಾಡಬೇಕು.

ಬಾವಿಯ ಲೆಕ್ಕವನ್ನೂ ಇಡಬಹುದು. ಸರ್ಕಾರದ ಅಂತರ್ಜಲ ಮಂಡಳಿಯವರು ತಮ್ಮ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ. ನಾವು ತಿಂಗಳಿಗೊಮ್ಮೆ ನೀರಿನ ಮಟ್ಟ, ರುಚಿ, ಲವಣದ ಪ್ರಮಾಣ ಬರೆದಿಟ್ಟರೆ ಹೋಗುವುದೇನು? ಭೂಕಂಪ ಹೇಳಲು ಅದು ಉಪಯೋಗಕ್ಕೆ ಬರಲಿಕ್ಕಿಲ್ಲ. ನೀರು ಕೆಡುತ್ತಿದೆಯೇ, ಬತ್ತುತ್ತಿದೆಯೇ ಎಂಬುದಂತೂ ತಿಳಿಯುತ್ತದೆ.

ಮರಳಿ ಆ ಗಿರಾಕಿಯ ವಿಷಯ

1994ರ ದೀಪಾವಳಿಗೆ ಅವರು ನಮ್ಮ ಅಂಗಡಿಗೆ ಬಂದರು. ಅವರ ಬಾಕಿಯನ್ನು ನಾವು ಎಂದೋ ಹೊಡೆದುಹಾಕಿದ್ದೆವು. ಅವರು ರುಮಾಲಿನ ಗಂಟು ಬಿಚ್ಚಿ ಅರ್ಧ ಹಣ ಎಣಿಸಿಟ್ಟು, "ಉಳಿದದ್ದು ಯುಗಾದಿಗೆ" ಎಂದರು. ಬೇಡವೆಂದರೂ ಕೇಳಲಿಲ್ಲ. ಯುಗಾದಿಗೆ ತಂದು ಕೊಟ್ಟರು. ನಮ್ಮ ಹಳೆಯ ಮಾತನ್ನು ಅವರು ಎಂದೂ ಎತ್ತಲಿಲ್ಲ. ಒಂದು ಸಲ ನಾವೇ ಎತ್ತಿ, ತಪ್ಪಾಯಿತು ಅಣ್ಣಾರ ಎಂದಾಗ, "ಬಿಡ್ರಿ ಶೇಟಜಿ, ಯಾರಿಗೆ ಗೊತ್ತಿತ್ತು" ಎಂದು ಚಹಾದ ಬಸಿ ಕೆಳಗಿಟ್ಟರು. ಯಾರಿಗೂ ಗೊತ್ತಿರಲಿಲ್ಲ ಎಂಬುದು ನಿಜ. ಆದರೆ ಅವರಿಗೆ ಅನುಮಾನವಾದರೂ ಬಂದಿತ್ತು, ಅದನ್ನು ಅಳಿಸಿದವರು ನಾವು. ಪ್ರತಿವರ್ಷ ಕ್ಷಮಾವಣಿಯ ದಿನ ಆ ಮುಖವೇ ಮೊದಲು ಕಣ್ಣಮುಂದೆ ಬರುತ್ತದೆ. ಅವರು ಈಗಿಲ್ಲ.

ತೇರದಿಂದ ಬರುವಾಗ ಅವರ ಊರಿಗೂ ಹೋದೆವು. ಹೊಸ ಊರಿನಲ್ಲಿ ಹಿರಿಯ ಮಗ ಅದೇ ಅಂಗಡಿ ನಡೆಸುತ್ತಾನೆ. ಸರ್ಕಾರ ಕಟ್ಟಿಕೊಟ್ಟ ಮನೆಯ ಪಕ್ಕದಲ್ಲಿ ಹಳೆಯ ಊರಿನ ಕಲ್ಲುಗಳನ್ನೇ ತಂದು ಗೋದಾಮಿಗೆ ಗೋಡೆ ಎಬ್ಬಿಸುತ್ತಿದ್ದ. ಅಡ್ಡಗಲ್ಲಿಲ್ಲ, ಬೆಲ್ಟ್ ಇಲ್ಲ. ಕೇಳಿದರೆ, "ಕಾಕಾ, ಒಮ್ಮೆ ಆಗಿ ಹೋತು, ಇನ್ನ ಎಲ್ಲಿ ಬರತೈತಿ? ಸಲಾಕಿ ರೇಟ್ ನೋಡೀರೇನು" ಎಂದ. ತಂಗಿಯ ಮಗಳು ಅವನ ಕಟ್ಟೆಯ ಮೇಲೆ ಕೂತು ತೇರದ ತಗ್ಗಿನ ಪದರಗಳನ್ನು ಕಾಗದದ ಮೇಲೆ ಬರೆದು ತೋರಿಸಿದಳು. ಅವನು ಬಹಳ ಹೊತ್ತು ನೋಡಿದ. ಗೌಂಡಿಯನ್ನು ಕರೆದು ಆ ದಿನದ ಕೆಲಸ ನಿಲ್ಲಿಸಿದ.

ಸಲಾಕೆ, ಸಿಮೆಂಟಿಗೆ ಬೇಕಾದ ಹಣವನ್ನು ಈ ಸೀಜನ್ನಿನ ಬಾಕಿಯಲ್ಲೇ ಇಟ್ಟುಕೊಳ್ಳು, ಮುಂದಿನ ವರ್ಷ ಯುಗಾದಿಗೆ ನೋಡೋಣ ಎಂದು ಹೇಳಿ ನಾವು ಗಾಡಿ ಹತ್ತಿದೆವು.